ಮೂಗಿಗೆ ಸಿಗದ ಅನಿಲದ ಲೆಕ್ಕ

ಆಸ್ಪತ್ರೆಯ ಸಿರಿಂಜು, ಕ್ಯಾತಿಟರು, ಡ್ರಿಪ್ ಕೊಳವೆಯ ಪೊಟ್ಟಣವನ್ನು ತಿರುಗಿಸಿ ನೋಡಿದರೆ, ಅನೇಕ ಸಲ ಒಂದು ಚಿಕ್ಕ ಚೌಕಟ್ಟಿನಲ್ಲಿ 'ಸ್ಟೆರೈಲ್' ಎಂದೂ ಅದರ ಪಕ್ಕದಲ್ಲಿ 'ಇಒ' ಎಂದೂ ಅಚ್ಚಾಗಿರುತ್ತದೆ. ಆ ವಸ್ತುವನ್ನು ಎಥಿಲೀನ್ ಆಕ್ಸೈಡ್ ಅನಿಲದಲ್ಲಿಟ್ಟು ಕ್ರಿಮಿಮುಕ್ತ ಮಾಡಲಾಗಿದೆ ಎಂಬುದಕ್ಕೆ ಇದು ಗುರುತು. ಅಮೆರಿಕದಲ್ಲಿ ಬಳಕೆಯಾಗುವ ಕ್ರಿಮಿಮುಕ್ತ ವೈದ್ಯಕೀಯ ಸಾಧನಗಳಲ್ಲಿ ಸುಮಾರು ಅರ್ಧದಷ್ಟು, ಅಂದರೆ ವರ್ಷಕ್ಕೆ ಸುಮಾರು 2,000 ಕೋಟಿ ಸಾಧನಗಳು, ಈ ಅನಿಲದಿಂದಲೇ ಶುದ್ಧವಾಗುತ್ತವೆ ಎಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಹೇಳುತ್ತದೆ. ಈ ಕೆಲಸವನ್ನು ಬಹುಪಾಲು ಮಾಡುವುದು ಆಸ್ಪತ್ರೆಗಳಲ್ಲ, ದೇಶದುದ್ದಗಲಕ್ಕೂ ಇರುವ ತೊಂಬತ್ತರಷ್ಟು ವಾಣಿಜ್ಯ ಸ್ಟೆರಿಲೈಸೇಷನ್ ಘಟಕಗಳು. ಹೊರಗಿನಿಂದ ನೋಡಿದರೆ ಅವು ಸಾಮಾನ್ಯ ಗೋದಾಮುಗಳು. ಹೊಗೆ ಕಾಣುವುದಿಲ್ಲ, ವಾಸನೆ ಬರುವುದಿಲ್ಲ. ಬೇಲಿಯಾಚೆ ಮನೆಗಳೂ ಶಾಲೆಗಳೂ ಇರುತ್ತವೆ.

ಆವಿಯ ಬಿಸಿಯನ್ನು ಎಷ್ಟೋ ಬಗೆಯ ಪ್ಲಾಸ್ಟಿಕ್ ತಡೆಯದು. ಗಾಮಾ ಕಿರಣ ಕೆಲವು ಪಾಲಿಮರುಗಳನ್ನು ಪುಡಿಯಾಗುವಷ್ಟು ದುರ್ಬಲಗೊಳಿಸುತ್ತದೆ, ಎಲೆಕ್ಟ್ರಾನಿಕ್ ಭಾಗಗಳನ್ನು ಹಾಳುಮಾಡುತ್ತದೆ. ಎಥಿಲೀನ್ ಆಕ್ಸೈಡ್ ಅಷ್ಟೇನೂ ಬಿಸಿಯಿಲ್ಲದೆ, ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಹೊದಿಕೆ ಎಲ್ಲವನ್ನೂ ದಾಟಿ, ಕೂದಲೆಳೆಯಷ್ಟು ಸಣ್ಣ ಕೊಳವೆಯ ಒಳಗೂ ನುಗ್ಗಿ, ಸೂಕ್ಷ್ಮಜೀವಿಯ ಡಿಎನ್ಎ ಮತ್ತು ಪ್ರೋಟೀನಿಗೆ ಅಂಟಿಕೊಂಡು ಅದನ್ನು ಕೊಲ್ಲುತ್ತದೆ. ಮನುಷ್ಯರ ಡಿಎನ್ಎಗೂ ಅದು ಅದೇ ರೀತಿ ಅಂಟುತ್ತದೆ. ಉಪಕಾರವೂ ಅಪಾಯವೂ ಒಂದೇ ಗುಣದಿಂದ ಬಂದಿರುವುದರಿಂದ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ತೆಗೆದುಹಾಕಲು ಬರುವುದಿಲ್ಲ. ಅನಿಲವನ್ನು ಕೋಣೆಯೊಳಗೆ ಹಿಡಿದಿಟ್ಟು, ಕೆಲಸ ಮುಗಿದ ಮೇಲೆ ನಾಶಮಾಡಿ, ಉಳಿದದ್ದು ಎಷ್ಟು ಹೊರಹೋಯಿತು ಎಂದು ಅಳೆಯುವುದೊಂದೇ ದಾರಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, 2024ರಲ್ಲಿ ಹೊರಡಿಸಿದ ನಿಯಮದಲ್ಲಿ ಈ ಮೂರರ ಪೈಕಿ ಅಳೆಯುವ ಭಾಗವೇ ಅತ್ಯಂತ ಕಠಿಣವಾದುದು. ಅತ್ಯಂತ ಮುಖ್ಯವಾದುದೂ ಅದೇ ಎಂಬುದು ನನ್ನ ಅಭಿಪ್ರಾಯ.

ಯಾಕೆಂದರೆ ಇಲ್ಲಿ ಮೂಗನ್ನು ನಂಬುವಂತಿಲ್ಲ. ಎಥಿಲೀನ್ ಆಕ್ಸೈಡಿಗೆ ಈಥರಿನಂಥ ಸಿಹಿ ವಾಸನೆ ಇದೆಯಾದರೂ ಅದು ತಿಳಿಯುವುದು ಗಾಳಿಯಲ್ಲಿ ನೂರಾರು ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ನೂರಾರು ಭಾಗ, ಸೇರಿದ ಮೇಲೆ. ಕಾರ್ಮಿಕರಿಗೆ ಎಂಟು ಗಂಟೆಯ ಸರಾಸರಿಗೆ ಅಮೆರಿಕದ ಕಾನೂನು 1984ರಲ್ಲಿ ಹಾಕಿದ ಮಿತಿ 1 ಪಿಪಿಎಂ. ಬೇಲಿಯಾಚೆಯವರ ಲೆಕ್ಕ ಇನ್ನೂ ಬೇರೆ. ಸ್ಟೆರಿಲೈಸೇಷನ್ ಘಟಕಗಳಲ್ಲಿ ದುಡಿದ ಸಾವಿರಾರು ಕಾರ್ಮಿಕರ ಆರೋಗ್ಯದ ದಾಖಲೆಗಳನ್ನು ಆಧರಿಸಿ ಇಪಿಎ 2016ರ ಡಿಸೆಂಬರಿನಲ್ಲಿ ಈ ಅನಿಲದ ಕ್ಯಾನ್ಸರ್ ಅಪಾಯವನ್ನು ಮರು ಅಂದಾಜು ಮಾಡಿತು. ದುಗ್ಧರಸ ವ್ಯವಸ್ಥೆಯ ಕ್ಯಾನ್ಸರುಗಳು ಮತ್ತು ಸ್ತನ ಕ್ಯಾನ್ಸರ್ ಇದರಲ್ಲಿ ಮುಖ್ಯವಾದವು. ಹಳೆಯ ಅಂದಾಜಿಗಿಂತ ಅಪಾಯ ಹತ್ತಾರು ಪಟ್ಟು ಹೆಚ್ಚು ಎಂದು ತಿಳಿಯಿತು. ಆ ಲೆಕ್ಕದಂತೆ, ಒಂದು ಘನ ಮೀಟರ್ ಗಾಳಿಯಲ್ಲಿ 0.02 ಮೈಕ್ರೋಗ್ರಾಂ ಇರುವ ಜಾಗದಲ್ಲಿ ಜೀವಮಾನವಿಡೀ ಉಸಿರಾಡಿದರೆ ಹತ್ತು ಲಕ್ಷ ಜನರಲ್ಲಿ ನೂರು ಮಂದಿಗೆ ಹೆಚ್ಚುವರಿಯಾಗಿ ಕ್ಯಾನ್ಸರ್ ಬರಬಹುದು. ಇಪಿಎ ಸಾಮಾನ್ಯವಾಗಿ ಒಪ್ಪಿಕೊಳ್ಳಬಹುದಾದ ಅಪಾಯದ ಮೇಲಿನ ಗೆರೆ ಅದು. 1 ಪಿಪಿಎಂ ಎಂದರೆ ಘನ ಮೀಟರಿಗೆ ಸುಮಾರು 1,800 ಮೈಕ್ರೋಗ್ರಾಂ. ಎರಡು ಅಂಕಿಗಳ ನಡುವೆ ತೊಂಬತ್ತು ಸಾವಿರ ಪಟ್ಟು ಅಂತರ. ಕಾರ್ಖಾನೆಯ ಒಳಗೆ ಸುರಕ್ಷತೆಗೆಂದು ಗೋಡೆಗೆ ಹಾಕಿದ ಅಲಾರಂ ಮೌನವಾಗಿದೆ ಎಂದ ಮಾತ್ರಕ್ಕೆ ನೆರೆಯವರ ಗಾಳಿ ಚೆನ್ನಾಗಿದೆ ಎನ್ನಲು ಆಗದಿರುವುದು ಇದಕ್ಕೇ.

ಅನಿಲ ಹೊರಬೀಳುವ ದಾರಿಗಳು

ನಿಯಮ ಅರ್ಥವಾಗಬೇಕಾದರೆ ಅನಿಲ ಒಳಗೆ ಹೇಗೆ ಓಡಾಡುತ್ತದೆಂದು ಮೊದಲು ತಿಳಿಯಬೇಕು. ಸಾಧನಗಳ ಪೆಟ್ಟಿಗೆಗಳು ಪ್ಯಾಲೆಟ್ ಸಮೇತ ಬಂದು ಮೊದಲು ಬೆಚ್ಚಗಿನ ತೇವದ ಕೋಣೆಯಲ್ಲಿ ಕೂರುತ್ತವೆ. ತೇವವಿಲ್ಲದಿದ್ದರೆ ಒಣಗಿದ ಬೀಜಕಣಗಳು ಸಾಯುವುದಿಲ್ಲ. ಆಮೇಲೆ ಅವನ್ನು ದೊಡ್ಡ ಲೋಹದ ಚೇಂಬರಿಗೆ ನೂಕಿ ಬಾಗಿಲು ಬಿಗಿದು, ಗಾಳಿಯನ್ನು ಹೀರಿ ತೆಗೆದು, ಡ್ರಮ್ಮುಗಳಿಂದ ಅನಿಲವನ್ನು ಒಳಬಿಡುತ್ತಾರೆ. ಕೆಲವು ಗಂಟೆ ಅನಿಲದಲ್ಲಿ ನೆನೆದ ಮೇಲೆ ನಿರ್ವಾತ ಪಂಪು ಅದನ್ನು ಎಳೆದು ನಾಶಕ ಸಾಧನಕ್ಕೆ ಕಳಿಸುತ್ತದೆ. ನೈಟ್ರೋಜನ್ ತುಂಬಿಸಿ ಮತ್ತೆ ಎಳೆಯುತ್ತಾರೆ. ಈ 'ತೊಳೆತ' ಹಲವು ಸಲ ನಡೆಯುತ್ತದೆ. ಬಳಸಿದ ಅನಿಲದ ಬಹುಪಾಲು ಹೊರಹೋಗುವುದು ಈ ದಾರಿಯಲ್ಲಿ.

ಬಾಗಿಲು ತೆರೆಯುವ ಹೊತ್ತಿಗೂ ಚೇಂಬರಿನೊಳಗೆ ಒಂದಿಷ್ಟು ಅನಿಲ ಉಳಿದಿರುತ್ತದೆ. ಅದು ಕಾರ್ಮಿಕರ ಮುಖಕ್ಕೆ ಬಡಿಯದಿರಲಿ ಎಂದು ಚೇಂಬರಿನ ಹಿಂಭಾಗದಲ್ಲಿ ಫ್ಯಾನ್ ಓಡಿಸಿ ಗಾಳಿಯನ್ನು ಹಿಂದಕ್ಕೆ ಎಳೆಯುತ್ತಾರೆ. ಇದನ್ನು ಅಲ್ಲಿನವರು ಬ್ಯಾಕ್ ವೆಂಟ್ ಎನ್ನುತ್ತಾರೆ. ಮುಂದಿನದು ಏರೇಷನ್ ಕೋಣೆ. ರಟ್ಟು, ಪ್ಲಾಸ್ಟಿಕ್ ಹೀರಿಕೊಂಡ ಅನಿಲವನ್ನು ಬಿಸಿ ಗಾಳಿಯಲ್ಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬಿಡಿಸುವ ಜಾಗ ಅದು. ಅಷ್ಟಾದ ಮೇಲೂ ಗೋದಾಮಿನಲ್ಲಿ ಪೇರಿಸಿಟ್ಟ ಪೆಟ್ಟಿಗೆಗಳು ಸಣ್ಣಗೆ ಅನಿಲ ಬಿಡುತ್ತಲೇ ಇರುತ್ತವೆ. ಡ್ರಮ್ಮು ಬದಲಿಸುವಾಗ, ಪಂಪಿನ ಸೀಲು ಸವೆದಾಗ, ಚೇಂಬರಿನಿಂದ ಏರೇಷನ್ ಕೋಣೆಗೆ ಪ್ಯಾಲೆಟ್ ಸಾಗಿಸುವ ಆ ಕೆಲವು ನಿಮಿಷಗಳಲ್ಲಿ ಕಟ್ಟಡದ ಒಳಗಿನ ಗಾಳಿಗೇ ಅನಿಲ ಬೆರೆಯುತ್ತದೆ. ಬಾಗಿಲು, ಕಿಟಕಿ, ಚಾವಣಿಯ ಫ್ಯಾನುಗಳ ಮೂಲಕ ಅದು ಹೊರಗೆ ನಡೆಯುತ್ತದೆ.

1994ರ ಡಿಸೆಂಬರಿನಲ್ಲಿ ಬಂದ ಮೊದಲ ರಾಷ್ಟ್ರೀಯ ನಿಯಮ ಚೇಂಬರಿನ ಪಂಪು ಮತ್ತು ಏರೇಷನ್ ಕೋಣೆಯನ್ನು ಹಿಡಿದುಕೊಂಡಿತ್ತು, ಬ್ಯಾಕ್ ವೆಂಟನ್ನೂ ಸೇರಿಸಿಕೊಂಡಿತ್ತು. ಕೆಲವೇ ವರ್ಷಗಳಲ್ಲಿ ಹಲವು ಘಟಕಗಳಲ್ಲಿ ಸ್ಫೋಟಗಳಾದವು. ಎಥಿಲೀನ್ ಆಕ್ಸೈಡ್ ಗಾಳಿಯಲ್ಲಿ ಶೇ 3ರಷ್ಟಿದ್ದರೂ ಹೊತ್ತಿಕೊಳ್ಳಬಲ್ಲದು, ಶೇ 100 ಇದ್ದರೂ ಹೊತ್ತಿಕೊಳ್ಳಬಲ್ಲದು. ಬ್ಯಾಕ್ ವೆಂಟಿನಿಂದ ದಟ್ಟ ಅನಿಲ ನೇರವಾಗಿ, ಅನಿಲವನ್ನು ಸುಟ್ಟು ನಾಶಮಾಡುವ ಬಿಸಿ ಆಕ್ಸಿಡೈಜರಿಗೆ ಹೋದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಇಪಿಎ ಬ್ಯಾಕ್ ವೆಂಟ್ ನಿಯಮವನ್ನು ಮೊದಲು ತಡೆಹಿಡಿದು, 2001ರಲ್ಲಿ ತೆಗೆದೇ ಹಾಕಿತು. ಆ ಭಯ ಸುಳ್ಳಾಗಿರಲಿಲ್ಲ. 2004ರ ಆಗಸ್ಟ್ 19ರಂದು ಕ್ಯಾಲಿಫೋರ್ನಿಯಾದ ಒಂಟಾರಿಯೊದ ಘಟಕವೊಂದರಲ್ಲಿ ದುರಸ್ತಿಯ ಅವಸರಕ್ಕೆ ತೊಳೆತದ ಹಂತವನ್ನು ಬಿಟ್ಟು ಬಾಗಿಲು ತೆರೆದರು. ಅನಿಲ ಆಕ್ಸಿಡೈಜರಿನ ಬೆಂಕಿಗೆ ತಲುಪಿ ಸ್ಫೋಟವಾಯಿತು, ನಾಲ್ವರು ಗಾಯಗೊಂಡರು. ಆದರೆ ಅಪಾಯ ತಪ್ಪಿಸಲು ನಿಯಮವನ್ನು ತೆಗೆದುಹಾಕಿದ್ದರ ಪರಿಣಾಮವಾಗಿ ರಾಷ್ಟ್ರೀಯ ನಿಯಮದ ಮಟ್ಟಿಗೆ ಒಂದು ದಾರಿ ವರ್ಷಾನುಗಟ್ಟಲೆ ತೆರೆದೇ ಉಳಿಯಿತು. ಕೊಳವೆಗೆ ಎಷ್ಟು ಸಾಂದ್ರತೆಯ ಅನಿಲ ಹೋಗುತ್ತಿದೆ ಎಂದು ಅಳೆದು, ದಟ್ಟವಾಗಿದ್ದರೆ ಬಾಗಿಲೇ ತೆರೆಯದಂತೆ ಇಂಟರ್‌ಲಾಕ್ ಹಾಕುವ ದಾರಿ ಇತ್ತು.

ಷಿಕಾಗೋ ಹೊರವಲಯದ ವಿಲೋಬ್ರೂಕ್ ಊರು ಇದೆಲ್ಲವನ್ನೂ ಬಯಲಿಗೆಳೆಯಿತು. 2018ರ ಆಗಸ್ಟಿನಲ್ಲಿ ಅಲ್ಲಿನ ಸ್ಟೆರಿಲೈಸೇಷನ್ ಘಟಕದ ಸುತ್ತಲಿನ ಕ್ಯಾನ್ಸರ್ ಅಪಾಯದ ಬಗ್ಗೆ ಫೆಡರಲ್ ಆರೋಗ್ಯ ಸಂಸ್ಥೆಯೊಂದರ ವರದಿ ಹೊರಬಂತು. ಅಷ್ಟರಲ್ಲಿ ಘಟಕ ತನ್ನ ಬ್ಯಾಕ್ ವೆಂಟುಗಳನ್ನು ನಿಯಂತ್ರಕ ಸಾಧನಕ್ಕೆ ಜೋಡಿಸಿತ್ತು. ಆದರೂ ನವೆಂಬರಿನಿಂದ ಇಪಿಎ ಸುತ್ತಮುತ್ತ ಗಾಳಿಯ ಮಾದರಿ ಸಂಗ್ರಹಿಸಿದಾಗ ಪ್ರಮಾಣ ಹೆಚ್ಚೇ ಇತ್ತು. ಅಂದರೆ ಚಿಮಣಿಯಲ್ಲದೆ ಬೇರೆಲ್ಲಿಂದಲೋ ಅನಿಲ ಹೊರಬರುತ್ತಿತ್ತು. 2019ರ ಫೆಬ್ರುವರಿ 15ರಂದು ಇಲಿನಾಯ್ ರಾಜ್ಯ ಘಟಕಕ್ಕೆ ಬೀಗಮುದ್ರೆ ಹಾಕಿತು. ಅಲ್ಲಿಂದಾಚೆ ಪಕ್ಕದ ಮಾಪನ ಕೇಂದ್ರಗಳಲ್ಲಿ ಅಂಕಿ ಕುಸಿಯಿತು. ಘಟಕ ಮತ್ತೆ ತೆರೆಯಲಿಲ್ಲ. 2022ರಲ್ಲಿ ಇಪಿಎ ಇಂಥ ಹೆಚ್ಚಿನ ಅಪಾಯದ 23 ಘಟಕಗಳ ಪಟ್ಟಿ ಪ್ರಕಟಿಸಿತು. ಟೆಕ್ಸಾಸಿನ ಲರೇಡೋ, ಪೋರ್ಟೊರಿಕೊದ ಸಲಿನಾಸ್‌ನಂಥ ಊರುಗಳ ಹೆಸರು ಅದರಲ್ಲಿದ್ದವು.

ಶೇ 99.99 ಎಂದರೆ

2024ರ ಮಾರ್ಚಿನಲ್ಲಿ ಘೋಷಣೆಯಾಗಿ ಏಪ್ರಿಲ್ 5ರಂದು ಗೆಜೆಟಿಗೆ ಬಂದ ಹೊಸ ನಿಯಮ ಎಲ್ಲ ದಾರಿಗಳನ್ನೂ ಲೆಕ್ಕಕ್ಕೆ ತಂದಿತು. ವರ್ಷಕ್ಕೆ 30 ಟನ್ ಅಥವಾ ಹೆಚ್ಚು ಅನಿಲ ಬಳಸುವ ಘಟಕ ಚೇಂಬರಿನಿಂದ ಬರುವುದರಲ್ಲಿ ಶೇ 99.99ರಷ್ಟನ್ನು ನಾಶಮಾಡಬೇಕು. ಬ್ಯಾಕ್ ವೆಂಟ್ ಮರಳಿ ನಿಯಮದೊಳಗೆ ಬಂತು. ಏರೇಷನ್‌ಗೆ ಬೇರೆ ಶೇಕಡಾವಾರು. ಕಟ್ಟಡದ ಒಳಗಿನ ಗಾಳಿಯನ್ನು ಎರಡು ಗುಂಪು ಮಾಡಿದರು. ಡ್ರಮ್ಮಿನ ಕೋಣೆ, ಪಂಪು, ಏರೇಷನ್‌ಗೆ ಮುಂಚಿನ ಸಾಗಾಟ ಒಂದು ಗುಂಪು, ಏರೇಷನ್ ನಂತರದ ನಿರ್ವಹಣೆ ಇನ್ನೊಂದು ಗುಂಪು. ಮೊದಲ ಸಲ ಇವೆರಡಕ್ಕೂ ಮಿತಿ ಬಂತು. ಯಂತ್ರ ಚಾಲೂ ಮಾಡುವಾಗ, ನಿಲ್ಲಿಸುವಾಗ, ಕೆಟ್ಟಾಗ ಇದ್ದ ವಿನಾಯಿತಿಯೂ ಹೋಯಿತು. ಎಲ್ಲ ಜಾರಿಯಾದರೆ ಈ ಉದ್ಯಮದ ಹೊರಸೂಸುವಿಕೆ ಶೇ 90ರಷ್ಟು ಇಳಿಯುತ್ತದೆ, ಅಂದರೆ ವರ್ಷಕ್ಕೆ 21 ಟನ್ ಕಡಿಮೆಯಾಗುತ್ತದೆ ಎಂಬುದು ಇಪಿಎ ಅಂದಾಜು.

ಶೇಕಡಾವಾರಿನ ಈ ದಶಮಾಂಶಗಳ ಹಿಂದೆ ಏನಿದೆ ಎಂದು ಒಂದು ಕಾಲ್ಪನಿಕ ಘಟಕವನ್ನಿಟ್ಟುಕೊಂಡು ನೋಡೋಣ. ಅದು ವರ್ಷಕ್ಕೆ ನೂರು ಸಾವಿರ ಕಿಲೋ ಅನಿಲ ಬಳಸುತ್ತದೆ ಎಂದುಕೊಳ್ಳಿ. ಶೇ 99 ನಾಶವಾದರೆ ಸಾವಿರ ಕಿಲೋ ಹೊರಹೋಗುತ್ತದೆ. ಶೇ 99.9 ಆದರೆ ನೂರು ಕಿಲೋ. ಶೇ 99.99 ಆದರೆ ಹತ್ತು ಕಿಲೋ. ಈಗ ಬಳಸಿದ ಅನಿಲದಲ್ಲಿ ಬರೀ ಶೇ ಅರ್ಧದಷ್ಟು ಕೋಣೆಯ ಗಾಳಿಗೆ ಸೋರಿ ಬಾಗಿಲಿನಿಂದ ಹೊರಹೋಯಿತು ಎನ್ನಿ. ಅದು 500 ಕಿಲೋ ಆಗುತ್ತದೆ. ಚಿಮಣಿಯ ಬಾಯಲ್ಲಿ ಕೋಟ್ಯಂತರ ವೆಚ್ಚದ ಯಂತ್ರ ಕೂರಿಸಿ ಹತ್ತು ಕಿಲೋಗೆ ಇಳಿಸಿದ್ದು ಆ 500ರ ಮುಂದೆ ಏನೂ ಅಲ್ಲ.

ಈ ಕಾರಣಕ್ಕೆ ನಿಯಮ ಕಟ್ಟಡವನ್ನೇ ಮುಚ್ಚುಕಟ್ಟು ಮಾಡಲು ಹೇಳುತ್ತದೆ. ಇದಕ್ಕೆ ಶಾಶ್ವತ ಪೂರ್ಣ ಆವರಣ ಎಂದು ಹೆಸರು, ಇಪಿಎಯ 'ವಿಧಾನ 204' ಇದರ ಅಳತೆಗೋಲು. ಬಾಗಿಲು, ಕಂಡಿ ಮುಂತಾಗಿ ಸಹಜವಾಗಿ ತೆರೆದಿರುವ ಜಾಗವೆಲ್ಲ ಸೇರಿ ಗೋಡೆ, ನೆಲ, ಚಾವಣಿಯ ಒಟ್ಟು ವಿಸ್ತೀರ್ಣದ ಶೇ 5ನ್ನು ಮೀರಬಾರದು. ಆ ಕಂಡಿಗಳಲ್ಲಿ ಗಾಳಿ ಒಳಮುಖವಾಗಿಯೇ, ನಿಮಿಷಕ್ಕೆ ಕನಿಷ್ಠ 200 ಅಡಿ ವೇಗದಲ್ಲಿ ಹರಿಯಬೇಕು, ಇಲ್ಲವೇ ಒಳಗಿನ ಒತ್ತಡ ಹೊರಗಿನದಕ್ಕಿಂತ ನೀರಿನ ಅಳತೆಯಲ್ಲಿ 0.007 ಅಂಗುಲ ಕಡಿಮೆ ಇರಬೇಕು. ಒಲೆಯ ಮೇಲಿನ ಹೊಗೆಗೂಡು ಅಡುಗೆಮನೆಯ ಹೊಗೆಯನ್ನು ತನ್ನತ್ತ ಸೆಳೆದುಕೊಳ್ಳುವಂತೆ ಇಡೀ ಕಟ್ಟಡ ಗಾಳಿಯನ್ನು ಒಳಗೆಳೆದುಕೊಂಡು ಒಂದೇ ದಾರಿಯಲ್ಲಿ ಹೊರಬಿಡಬೇಕು. 0.007 ಅಂಗುಲ ಎಂಬುದು ಎಷ್ಟು ಸಣ್ಣ ವ್ಯತ್ಯಾಸವೆಂದರೆ ಲಾರಿ ಬಂದು ನಿಂತು ಡಾಕಿನ ಶಟರ್ ಮೇಲೆತ್ತಿದರೆ ಅಥವಾ ಜೋರು ಗಾಳಿ ಬೀಸಿದರೆ ಅದು ಅಳಿಸಿಹೋಗಬಹುದು. ಈ ನಿಯಮದ ಪಾಲನೆ ಲಾರಿ ಚಾಲಕನ ಶಟರಿನಿಂದಲೇ ಶುರುವಾಗುತ್ತದೆ. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುವ ಜೋಡಿ ಬಾಗಿಲು, ಒತ್ತಡವನ್ನು ನಿರಂತರವಾಗಿ ಬರೆದಿಡುವ ಮಾಪಕ, ಶಟರ್ ಎಷ್ಟು ಹೊತ್ತು ತೆರೆದಿತ್ತೆಂಬ ದಾಖಲೆ ಇವು ಇಲ್ಲದ ಕಡೆ ಎಂಥ ವಿಶ್ಲೇಷಕ ಯಂತ್ರ ತಂದರೂ ಅದು ಅಳೆಯುವುದು ತನ್ನ ಬಳಿಗೆ ಬಂದ ಗಾಳಿಯನ್ನು ಮಾತ್ರ.

ಅಳೆಯುವ ಯಂತ್ರ, ಅಳೆಯುವ ಶಿಸ್ತು

ಹಳೆಯ ಪದ್ಧತಿಯಲ್ಲಿ ಒಂದು ಸಲ ಪರೀಕ್ಷೆ ನಡೆಸಿ ನಾಶಕ ಸಾಧನ ಚೆನ್ನಾಗಿದೆ ಎಂದು ತೋರಿಸಿದರೆ, ಆಮೇಲೆ ಅದರ ಲಕ್ಷಣಗಳನ್ನು ಗಮನಿಸುತ್ತಿದ್ದರೆ ಸಾಕಾಗಿತ್ತು. ಆಕ್ಸಿಡೈಜರ್ ಆದರೆ ಉಷ್ಣತೆ. ಆಮ್ಲದ ಸ್ಕ್ರಬ್ಬರ್ ಆದರೆ, ಅನಿಲ ನೀರಿನೊಂದಿಗೆ ಸೇರಿ ಎಥಿಲೀನ್ ಗ್ಲೈಕಾಲ್ ಆಗುವುದರಿಂದ, ಆ ದ್ರವದಲ್ಲಿ ಗ್ಲೈಕಾಲ್ ಎಷ್ಟು ತುಂಬಿದೆ, ತೊಟ್ಟಿಯ ಮಟ್ಟ ಎಷ್ಟು, ಆಮ್ಲೀಯತೆ ಎಷ್ಟು ಎಂಬುದು. ಹೊಸ ನಿಯಮದಲ್ಲಿ ಈ ಅನುಕೂಲ ಉಳಿದಿರುವುದು ವರ್ಷಕ್ಕೆ 100 ಪೌಂಡಿಗಿಂತ, ಅಂದರೆ ಸುಮಾರು 45 ಕಿಲೋಗಿಂತ, ಕಡಿಮೆ ಬಳಸುವವರಿಗೆ. ಉಳಿದವರೆಲ್ಲ ಚಿಮಣಿಯಲ್ಲೇ ನಿರಂತರ ಮಾಪನ ವ್ಯವಸ್ಥೆ ಕೂರಿಸಬೇಕು.

ಎಷ್ಟು ಸೂಕ್ಷ್ಮವಾದ ಮಾಪನ ಬೇಕು ಎಂಬುದಕ್ಕೂ ಒಂದು ಲೆಕ್ಕ ಮಾಡಬಹುದು. ಮುಚ್ಚಿದ ಕಟ್ಟಡದಿಂದ ಎಳೆದ ಗಾಳಿ ಅಪಾರ, ಅದರಲ್ಲಿರುವ ಅನಿಲ ಅತ್ಯಲ್ಪ. ನಿಮಿಷಕ್ಕೆ ಸಾವಿರ ಘನ ಮೀಟರ್ ಗಾಳಿ ಬಿಡುವ ಚಿಮಣಿಯಲ್ಲಿ 10 ಪಿಪಿಬಿ, ಅಂದರೆ ನೂರು ಕೋಟಿಯಲ್ಲಿ ಹತ್ತು ಭಾಗ, ಎಥಿಲೀನ್ ಆಕ್ಸೈಡ್ ಇದ್ದರೆ ನಿಮಿಷಕ್ಕೆ 18 ಮಿಲಿಗ್ರಾಂ ಹೊರಹೋಗುತ್ತದೆ. ವರ್ಷಕ್ಕೆ ಕೂಡಿಸಿದರೆ ಒಂಬತ್ತೂವರೆ ಕಿಲೋ. ನಮ್ಮ ಕಾಲ್ಪನಿಕ ಘಟಕ ಚೇಂಬರಿನಿಂದ ಇಡೀ ವರ್ಷದಲ್ಲಿ ಬಿಡಬಹುದಾದ ಹತ್ತು ಕಿಲೋಗೆ ಇದು ಹೆಚ್ಚುಕಡಿಮೆ ಸಮ. 10 ಪಿಪಿಬಿಗಿಂತ ಕೆಳಗೆ ಕಾಣದ ಯಂತ್ರ ತೋರಿಸುವ ಸೊನ್ನೆಯೊಳಗೆ ಅಷ್ಟು ಕಿಲೋ ಅಡಗಿಕೊಳ್ಳಬಹುದು. ಆದ್ದರಿಂದ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಯಂತ್ರ ಎಷ್ಟು ಕೆಳಗಿನವರೆಗೆ ಕಾಣುತ್ತದೆ ಎಂಬುದು, ಅದೂ ಪ್ರಯೋಗಾಲಯದ ಶುದ್ಧ ಗಾಳಿಯಲ್ಲಲ್ಲ, ತನ್ನ ಚಿಮಣಿಯ ತೇವದ ಗಾಳಿಯಲ್ಲಿ.

ಈ ಕೆಲಸಕ್ಕೆ ಇಂದು ಮುಖ್ಯವಾಗಿ ಎರಡು ಬಗೆಯ ಬೆಳಕಿನ ಯಂತ್ರಗಳಿವೆ. ಒಂದರಲ್ಲಿ ಲೇಸರ್ ಕಿರಣವನ್ನು ಕನ್ನಡಿಗಳ ನಡುವೆ ಸಾವಿರಾರು ಸಲ ಪುಟಿಸಿ ಅದು ಎಷ್ಟು ಬೇಗ ಮಂಕಾಗುತ್ತದೆ ಎಂದು ನೋಡುತ್ತಾರೆ. ಅನಿಲ ಹೆಚ್ಚಿದ್ದಷ್ಟೂ ಬೆಳಕು ಬೇಗ ಸಾಯುತ್ತದೆ. ಇನ್ನೊಂದು, ಎಫ್‌ಟಿಐಆರ್ ಎಂದು ಕರೆಯುವ ಅವಗೆಂಪು ವಿಶ್ಲೇಷಕ. ಪ್ರತಿ ಅನಿಲವೂ ಅವಗೆಂಪು ಬೆಳಕನ್ನು ತನ್ನದೇ ವಿನ್ಯಾಸದಲ್ಲಿ ಹೀರುವುದನ್ನು ಅದು ಗುರುತಿಸುತ್ತದೆ. ಎರಡಕ್ಕೂ ತೊಡಕು ನೀರಾವಿ, ಇಂಗಾಲದ ಡೈಆಕ್ಸೈಡ್ ಮತ್ತು ಚಿಮಣಿಯಲ್ಲಿ ಜೊತೆಗಿರುವ ಇತರ ಅನಿಲಗಳು. ಯಂತ್ರ ಯಾವುದನ್ನು ಯಾವುದೆಂದು ತಪ್ಪು ತಿಳಿಯುತ್ತದೆ ಎಂಬ ಪರೀಕ್ಷೆಯನ್ನು ಕೂರಿಸುವ ಮುನ್ನವೇ ಮಾಡಿಸಬೇಕು. ಇಪಿಎ ಇದಕ್ಕೆಲ್ಲ 'ಕಾರ್ಯಕ್ಷಮತಾ ಮಾನದಂಡ 19' ಎಂಬ ಪರೀಕ್ಷಾಕ್ರಮವನ್ನೂ, ದಿನನಿತ್ಯದ ಗುಣಮಟ್ಟ ಕಾಪಾಡಲು 'ಕ್ರಮ 7' ಎಂಬುದನ್ನೂ ಕೊಟ್ಟಿದೆ.

ಇವುಗಳಲ್ಲಿ ನನಗೆ ತುಂಬ ಅರ್ಥಪೂರ್ಣವಾಗಿ ಕಾಣುವುದು ಸ್ಪೈಕಿಂಗ್ ಪರೀಕ್ಷೆ. ಚಿಮಣಿಯಿಂದ ಮಾದರಿ ಎಳೆಯುವ ನಳಿಗೆಯ ತುದಿಯಲ್ಲೇ ಪ್ರಮಾಣ ಗೊತ್ತಿರುವ ಎಥಿಲೀನ್ ಆಕ್ಸೈಡನ್ನು ಸೇರಿಸಿ, ಸೇರಿಸಿದಷ್ಟನ್ನು ಯಂತ್ರ ಹೆಚ್ಚಾಗಿ ತೋರಿಸಿತೇ ಎಂದು ನೋಡುವುದು. ಶುದ್ಧ ಮಾಪನಾಂಕ ಅನಿಲವನ್ನು ನೇರ ಯಂತ್ರದ ಬಾಯಿಗೆ ಕೊಟ್ಟರೆ ಯಂತ್ರ ಸರಿಯಿದೆ ಎಂದಷ್ಟೇ ತಿಳಿಯುತ್ತದೆ. ನಳಿಗೆ, ಸೋಸುಪಟ್ಟಿ, ಚಿಮಣಿಯಿಂದ ಕೊಠಡಿಯವರೆಗಿನ ಉದ್ದನೆಯ ಬಿಸಿ ಕೊಳವೆ ಇವುಗಳಲ್ಲಿ ಅನಿಲ ಕಳೆದುಹೋಗುತ್ತಿದೆಯೇ ಎಂದು ಅದು ಹೇಳುವುದಿಲ್ಲ. ಕೊಳವೆಯ ಒಂದು ತುಂಡು ತಣ್ಣಗಾಗಿ ಅಲ್ಲಿ ನೀರು ಕಟ್ಟಿಕೊಂಡರೆ ನೀರಿನಲ್ಲಿ ಸುಲಭವಾಗಿ ಕರಗುವ ಈ ಅನಿಲ ಅಲ್ಲೇ ಉಳಿದುಬಿಡಬಹುದು. ಯಂತ್ರ ಆಗಲೂ ನಿಷ್ಠೆಯಿಂದ ಕಡಿಮೆ ಅಂಕಿ ತೋರಿಸುತ್ತಿರುತ್ತದೆ. ಅಂಕಿ ಇದ್ದಕ್ಕಿದ್ದಂತೆ ಚೆಂದವಾದ ದಿನ ಮೊದಲು ಅನುಮಾನಿಸಬೇಕಾದದ್ದು ಮಾದರಿ ಕೊಳವೆಯನ್ನು.

ಸೊನ್ನೆ ಮತ್ತು ಮೇಲಿನ ಅಂಕಿಯ ಜಾರುವಿಕೆಯನ್ನು ಪ್ರತಿದಿನ ನೋಡಬೇಕು. ಸ್ವತಂತ್ರವಾದ ಇನ್ನೊಂದು ವಿಧಾನದಿಂದ ಅಳೆದು ಆಗಾಗ ತಾಳೆ ನೋಡಿಸಬೇಕು. ಹದಿನೈದು ನಿಮಿಷಕ್ಕೊಮ್ಮೆಯಾದರೂ ಒಂದು ಪೂರ್ಣ ಓದು ಬರಬೇಕೆಂಬುದು ಅಲ್ಲಿನ ಎಲ್ಲ ವಿಷಾನಿಲ ನಿಯಮಗಳಿಗೂ ಸಾಮಾನ್ಯ. ಒಂದೇ ವಿಶ್ಲೇಷಕವನ್ನು ಹಲವು ಕೊಳವೆಗಳಿಗೆ ಸರದಿಯಲ್ಲಿ ಹಚ್ಚುವ ಘಟಕಗಳು ಸರದಿ ತಪ್ಪದಂತೆ ಲೆಕ್ಕ ಹಾಕಿ ಕೂರಿಸಬೇಕಾಗುತ್ತದೆ.

ಸಾಂದ್ರತೆ ತಿಳಿದರೆ ಅರ್ಧ ಕೆಲಸವಾಯಿತು. ಅದನ್ನು ಗಾಳಿಯ ಹರಿವಿನಿಂದ ಗುಣಿಸಿದಾಗಲೇ ತೂಕ ಸಿಗುವುದು. ಹರಿವಿನ ಮಾಪಕದಲ್ಲಿ ಶೇ 15 ತಪ್ಪಿದ್ದರೆ ಫಲಿತಾಂಶದಲ್ಲೂ ಅಷ್ಟೇ ತಪ್ಪು. ಲಕ್ಷಾಂತರ ಡಾಲರಿನ ವಿಶ್ಲೇಷಕಕ್ಕೆ ಕೊಟ್ಟ ಗಮನವನ್ನು ಈ ಸಾಧಾರಣ ಮಾಪಕಕ್ಕೆ ಕೊಡದಿರುವುದು ಅಚ್ಚರಿಯ ಸಂಗತಿಯೇನಲ್ಲ, ಆದರೆ ಅಪಾಯಕಾರಿ. ಇನ್ನು ಶೇಕಡಾವಾರು ತೋರಿಸಲು ಹೊರಹೋದದ್ದರ ಜೊತೆಗೆ ಒಳಬಂದದ್ದೂ ಗೊತ್ತಿರಬೇಕು. ಚೇಂಬರಿನ ಮಟ್ಟಿಗೆ ಇದಕ್ಕೆ ತಕ್ಕಡಿಯೇ ಆಧಾರ, ಡ್ರಮ್ಮಿನ ತೂಕ ಬಳಕೆಗೆ ಮುಂಚೆ ಎಷ್ಟು, ಆಮೇಲೆ ಎಷ್ಟು. ದಾಸ್ತಾನಿನ ಪುಸ್ತಕ ಸರಿಯಿಲ್ಲದಿದ್ದರೆ ದಶಮಾಂಶದ ನಾಲ್ಕನೆಯ ಅಂಕಿಯವರೆಗೆ ಹೋಗುವ ಈ ಲೆಕ್ಕಕ್ಕೆ ತಳಪಾಯವೇ ಇರುವುದಿಲ್ಲ.

ಮಿತಿಯನ್ನು ನೋಡುವುದು ಕಾರ್ಯಾಚರಣೆ ನಡೆದ 30 ದಿನಗಳ ಉರುಳುವ ಲೆಕ್ಕದಲ್ಲಿ. ಪ್ರತಿದಿನವೂ ಹಿಂದಿನ 30 ದಿನಗಳ ಹೊಸ ಲೆಕ್ಕ. ಒಂದು ಕೆಟ್ಟ ದಿನ ಮುಂದಿನ 30 ದಿನವೂ ಜೊತೆಗೇ ಬರುತ್ತದೆ. 30 ಘನ ಮೀಟರಿನ ಚೇಂಬರಿನಲ್ಲಿ ಲೀಟರಿಗೆ 600 ಮಿಲಿಗ್ರಾಂ ಅನಿಲ ತುಂಬಿದ್ದರೆ ಒಟ್ಟು 18 ಕಿಲೋ ಇರುತ್ತದೆ. ಒಂದೇ ಒಂದು ಸಲ ಕವಾಟ ಕೆಟ್ಟು ಅಷ್ಟೂ ನಾಶಕವನ್ನು ದಾಟಿ ಹೋದರೆ, ನಮ್ಮ ಕಾಲ್ಪನಿಕ ಘಟಕ ಚೇಂಬರಿನಿಂದ ಇಡೀ ವರ್ಷಕ್ಕೆ ಬಿಡಬಹುದಾದದ್ದಕ್ಕಿಂತ ಹೆಚ್ಚು ಆ ಒಂದು ಗಂಟೆಯಲ್ಲಿ ಹೊರಗಿರುತ್ತದೆ. ಯಂತ್ರ ಕೆಟ್ಟ ಹೊತ್ತಿಗೆ ವಿನಾಯಿತಿ ಕೊಡದ ನಿಯಮ ಕಠೋರವೆಂದು ಉದ್ಯಮದವರು ಹೇಳಿದರೂ, ನೆರೆಯವರು ಉಸಿರಾಡುವುದು ಆ ಹೊತ್ತಿನ ಗಾಳಿಯನ್ನೂ ಸೇರಿಸಿಯೇ.

ಇಷ್ಟೆಲ್ಲ ಯಂತ್ರಗಳ ಬದಲು ಅನಿಲವನ್ನೇ ಕಡಿಮೆ ಬಳಸಬಹುದಲ್ಲ? ಖಂಡಿತ. ಎಷ್ಟೋ ಸಾಧನಗಳ ಶುದ್ಧೀಕರಣದ ಚಕ್ರವನ್ನು ನಿಗದಿ ಮಾಡುವಾಗ, ಅರ್ಧ ಹೊತ್ತಿನಲ್ಲೇ ಪರೀಕ್ಷೆಯ ಬೀಜಕಣಗಳೆಲ್ಲ ಸತ್ತವೆಂದು ಸಾಬೀತುಮಾಡಿ, ಭದ್ರತೆಗೆಂದು ಹೊತ್ತನ್ನು ದುಪ್ಪಟ್ಟು ಮಾಡುವ ರೂಢಿಯಿದೆ. ಸಾಧನದ ಮೇಲೆ ನಿಜವಾಗಿ ಎಷ್ಟು ಸೂಕ್ಷ್ಮಜೀವಿಗಳಿರುತ್ತವೆ ಎಂದು ಲೆಕ್ಕಹಾಕಿ ಚಕ್ರ ರೂಪಿಸಿದರೆ ಅನಿಲ ಗಣನೀಯವಾಗಿ ಉಳಿಯುತ್ತದೆ. 2019ರಿಂದ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಇಂಥ ಬದಲಾವಣೆಗೆ ಸುಲಭದ ಅನುಮತಿ ಮಾರ್ಗವನ್ನು ತೆರೆದಿದೆ. 2025ರ ಜನವರಿಯಲ್ಲಿ ಇಪಿಎ ಕೀಟನಾಶಕ ಕಾನೂನಿನಡಿ ಹೊಸ ಚಕ್ರಗಳಿಗೆ ಲೀಟರಿಗೆ 600 ಮಿಲಿಗ್ರಾಂ ಮಿತಿ ಹಾಕಿತು, ಕಾರ್ಮಿಕರ ಮಿತಿಯನ್ನು 2035ರ ಹೊತ್ತಿಗೆ ಹಂತಹಂತವಾಗಿ 0.1 ಪಿಪಿಎಂಗೆ ಇಳಿಸುವ ತೀರ್ಮಾನವನ್ನೂ ಪ್ರಕಟಿಸಿತು. ಒಳಗಿನ ಕಾರ್ಮಿಕರ ಹಿತ ಮತ್ತು ಹೊರಗಿನ ನೆರೆಯವರ ಹಿತ ಎರಡೂ ಒಟ್ಟಿಗೆ ಸಾಧ್ಯವಾಗುವುದು ಬಳಕೆ ಇಳಿದಾಗಲೇ. ಕಟ್ಟಡವನ್ನು ಮುಚ್ಚಿಬಿಟ್ಟು ಅನಿಲವನ್ನು ಒಳಗಿನವರ ಉಸಿರಿಗೆ ಬಿಡುವುದು ಪರಿಹಾರವಲ್ಲ.

ಬೇಲಿಯ ಹೊರಗೆ

ಸ್ಟೆರಿಲೈಸೇಷನ್ ಘಟಕಗಳ ಬೇಲಿಯಲ್ಲಿ ಗಾಳಿ ಅಳೆಯಬೇಕೆಂದು ಫೆಡರಲ್ ನಿಯಮ ಕಡ್ಡಾಯ ಮಾಡಲಿಲ್ಲ. 2024ರಲ್ಲೇ ರಾಸಾಯನಿಕ ಕಾರ್ಖಾನೆಗಳಿಗೆ ಬಂದ ನಿಯಮದಲ್ಲಿ ಇದೇ ಅನಿಲಕ್ಕೆ ಬೇಲಿಯ ಮಾಪನವಿದೆ, ಘನ ಮೀಟರಿಗೆ 0.2 ಮೈಕ್ರೋಗ್ರಾಂ ಮೀರಿದರೆ ಕಾರಣ ಹುಡುಕಿ ಸರಿಪಡಿಸಬೇಕು. ಲಾಸ್ ಏಂಜಲೀಸ್ ಸುತ್ತಲಿನ ವಾಯು ಗುಣಮಟ್ಟ ಜಿಲ್ಲೆ 2023ರ ಡಿಸೆಂಬರಿನಲ್ಲಿ ತಿದ್ದಿದ ತನ್ನ ನಿಯಮದಲ್ಲಿ ಸ್ಟೆರಿಲೈಸೇಷನ್ ಘಟಕಗಳಿಗೂ ಬೇಲಿ ಮಾಪನ ತಂದಿತು, ಶುದ್ಧಗೊಂಡ ಸಾಮಾನು ಹೋಗಿ ಕೂರುವ ದೊಡ್ಡ ಗೋದಾಮುಗಳನ್ನೂ ಸೇರಿಸಿಕೊಂಡಿತು. ಫೆಡರಲ್ ನಿಯಮದಲ್ಲಿ ಬೇರೆಡೆ ಇರುವ ಗೋದಾಮುಗಳಿಲ್ಲ. ಅದೊಂದು ದೊಡ್ಡ ಕೊರತೆ.

ಆದರೆ ಬೇಲಿಯಲ್ಲಿ ಅಳೆಯುವುದು ಸುಲಭವೆಂದು ಯಾರೂ ತಿಳಿಯಬಾರದು. ಸಾಮಾನ್ಯ ವಿಧಾನದಲ್ಲಿ ನಿರ್ವಾತ ಮಾಡಿದ ಉಕ್ಕಿನ ಡಬ್ಬಿಯನ್ನು ತೆರೆದಿಟ್ಟು 24 ಗಂಟೆ ಗಾಳಿ ತುಂಬಿಸಿಕೊಂಡು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಕೆಲವು ಡಬ್ಬಿಗಳ ಒಳಲೇಪನದಲ್ಲಿ ಎಥಿಲೀನ್ ಆಕ್ಸೈಡ್ ತಾನಾಗಿ ಹುಟ್ಟಿಕೊಂಡು ಇಲ್ಲದ ಮಾಲಿನ್ಯವನ್ನು ತೋರಿಸಿದ್ದು ಇಪಿಎ ಪರೀಕ್ಷೆಗಳಲ್ಲೇ ಕಂಡುಬಂದಿದೆ. ಅದೇ ಅಣುಸೂತ್ರದ ಅಸಿಟಾಲ್ಡಿಹೈಡ್ ಕೂಡ ಗೊಂದಲ ಮಾಡುತ್ತದೆ. ಘಟಕಗಳಿಂದ ದೂರವಿರುವ ಊರುಗಳ ಗಾಳಿಯಲ್ಲೂ ಸ್ವಲ್ಪ ಎಥಿಲೀನ್ ಆಕ್ಸೈಡ್ ಕಾಣುತ್ತದೆ. ಆದ್ದರಿಂದ ಒಂದು ಡಬ್ಬಿಯ ಒಂದು ಅಂಕಿಯನ್ನು ಹಿಡಿದು ಭಯಪಡುವುದೂ ತಪ್ಪು, ನಿರಾಳವಾಗುವುದೂ ತಪ್ಪು. ಗಾಳಿ ಬೀಸುವ ದಿಕ್ಕಿನ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ ಒಟ್ಟಿಗೆ ಅಳೆದು, ಖಾಲಿ ಡಬ್ಬಿಯನ್ನು ಪರೀಕ್ಷಿಸಿ, ತಿಂಗಳುಗಟ್ಟಲೆ ಹೋಲಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಚಿಮಣಿಯ ಯಂತ್ರ ಎಲ್ಲ ಸರಿಯಿದೆ ಎನ್ನುವಾಗ ಬೇಲಿಯ ಡಬ್ಬಿ ಮತ್ತೆ ಮತ್ತೆ ಇಲ್ಲ ಎಂದರೆ, ವಿಲೋಬ್ರೂಕ್ ತೋರಿಸಿಕೊಟ್ಟಂತೆ, ಅಳೆಯದ ದಾರಿಯೊಂದು ಎಲ್ಲೋ ತೆರೆದಿದೆ ಎಂದೇ ಅರ್ಥ.

ನಮ್ಮಲ್ಲಿ ಈ ಅನಿಲದ ಹೆಸರು ಸುದ್ದಿಯಾಗಿದ್ದು ಆಹಾರದ ಮೂಲಕ. 2020ರಲ್ಲಿ ಯುರೋಪು ಭಾರತದ ಎಳ್ಳಿನಲ್ಲಿ, 2024ರಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರ ನಮ್ಮ ಮಸಾಲೆ ಪುಡಿಗಳಲ್ಲಿ ಇದರ ಶೇಷವನ್ನು ಪತ್ತೆಹಚ್ಚಿದವು. ಗಾಳಿಯ ಮಾತು ಬಂದಾಗ, 2009ರ ನಮ್ಮ ರಾಷ್ಟ್ರೀಯ ವಾಯು ಗುಣಮಟ್ಟ ಮಾನದಂಡದಲ್ಲಿರುವ 12 ಮಾಲಿನ್ಯಕಾರಕಗಳಲ್ಲಿ ಬೆಂಜೀನ್ ಇದೆ, ಎಥಿಲೀನ್ ಆಕ್ಸೈಡ್ ಇಲ್ಲ. 'ಇಒ' ಎಂದು ಅಚ್ಚಾದ ಪೊಟ್ಟಣಗಳು ನಮ್ಮ ಆಸ್ಪತ್ರೆಗಳಲ್ಲೂ ದಿನವೂ ಒಡೆಯುತ್ತಿರುವಾಗ ಈ ಹೆಸರು ಆ ಪಟ್ಟಿಗೆ ಬರಬೇಕಾದದ್ದು ನ್ಯಾಯ.

ಅಮೆರಿಕದ ಕಥೆ ಮುಗಿದಿಲ್ಲ. ದೊಡ್ಡ ಘಟಕಗಳಿಗೆ 2026ರ ಏಪ್ರಿಲ್ 6, ಸಣ್ಣವಕ್ಕೆ 2027ರ ಏಪ್ರಿಲ್ 5 ಎಂದು ಮೂಲ ನಿಯಮ ಗಡುವು ಹಾಕಿತ್ತು. 2025ರ ಮಾರ್ಚಿನಲ್ಲಿ ಇಪಿಎ ನಿಯಮವನ್ನು ಮರುಪರಿಶೀಲಿಸುವುದಾಗಿ ಹೇಳಿತು. ಜುಲೈ 17ರಂದು ಅಧ್ಯಕ್ಷರು, ತಂತ್ರಜ್ಞಾನ ಇನ್ನೂ ಕೈಗೆಟುಕುವಂತಿಲ್ಲ ಮತ್ತು ವೈದ್ಯಕೀಯ ಸಾಧನಗಳ ಪೂರೈಕೆ ದೇಶದ ಭದ್ರತೆಯ ಪ್ರಶ್ನೆ ಎಂಬ ಕಾರಣಕೊಟ್ಟು, ಸುಮಾರು 40 ಘಟಕಗಳಿಗೆ ಎರಡು ವರ್ಷದ ವಿನಾಯಿತಿ ನೀಡಿದರು. ಸಾಧನಗಳ ಕೊರತೆಯ ಆತಂಕ ಹುಸಿಯಲ್ಲ, ಘಟಕಗಳು ಏಕಾಏಕಿ ನಿಂತರೆ ಶಸ್ತ್ರಚಿಕಿತ್ಸೆಗಳೇ ನಿಲ್ಲುತ್ತವೆ. ಆದರೆ ನಾಶಕ ಸಾಧನಕ್ಕೆ ಕಾಲಾವಕಾಶ ಕೇಳುವುದು ಬೇರೆ, ಅಳೆಯುವುದನ್ನೇ ಮುಂದೂಡುವುದು ಬೇರೆ. ಪಿಪಿಬಿ ಮಟ್ಟದ ವಿಶ್ಲೇಷಕಗಳು ಮಾರುಕಟ್ಟೆಯಲ್ಲಿವೆ. ವಿನಾಯಿತಿ ಪಡೆದ ಘಟಕವೂ ಇಂದೇ ಒಂದನ್ನು ಕೂರಿಸಿ ಅಂಕಿಗಳನ್ನು ಊರಿನ ಮುಂದಿಡಬಹುದು, ಅದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ.

ನಿಯಮದಡಿ ಬರುವ ನಿರಂತರ ಮಾಪನದ ಅಂಕಿಗಳನ್ನು ಘಟಕಗಳು ಮೂರು ತಿಂಗಳಿಗೊಮ್ಮೆ ಇಪಿಎಗೆ ಆನ್‌ಲೈನಿನಲ್ಲಿ ಸಲ್ಲಿಸಬೇಕು, ಹೀಗೆ ಸಲ್ಲಿಕೆಯಾದ ವರದಿಗಳನ್ನು ಸಂಸ್ಥೆಯ ವೆಬ್‌ಫೈರ್ ಎಂಬ ಸಾರ್ವಜನಿಕ ಕೋಶದಲ್ಲಿ ಯಾರು ಬೇಕಾದರೂ ತೆರೆದು ಓದಬಹುದು. ಷಿಕಾಗೋ, ಅಟ್ಲಾಂಟಾ ಹೊರವಲಯಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರು ತಮ್ಮ ಊರಿನ ಸುತ್ತ ಇಂಥ ಘಟಕವಿದೆಯೇ ಎಂದು ನೋಡಿಕೊಳ್ಳಲಿ. ಇದ್ದರೆ ಅದು ವಿನಾಯಿತಿಯ ಪಟ್ಟಿಯಲ್ಲಿದೆಯೇ, ಚಿಮಣಿಯಲ್ಲಿ ನಿರಂತರ ಮಾಪನ ಶುರುವಾಗಿದೆಯೇ, ಕಟ್ಟಡದ ಆವರಣ ಪರೀಕ್ಷೆಯಲ್ಲಿ ಪಾಸಾಗಿದೆಯೇ ಎಂದು ರಾಜ್ಯದ ಪರಿಸರ ಇಲಾಖೆಗೆ ಬರೆದು ಕೇಳಲಿ.